ಬಾಕಿ ಉಳಿದ ಹಡಗು

ಬೀದಿಯವರೆಲ್ಲ ಟೈಲರಕ್ಕ ಎಂದು ಕರೆಯುವ ಆಕೆಯ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಪಕ್ಕದಲ್ಲೇ ದೂರದೂರದ ಹವ್ಯಾಸಿಗಳ ಜೊತೆ ಮಾತಾಡುವ ಹ್ಯಾಮ್ ರೇಡಿಯೋ. ಗೋಡೆಯ ತುಂಬ ಪ್ರಶಸ್ತಿಪತ್ರಗಳು: ಕಡಲ ದೀಪಸ್ತಂಭಗಳಲ್ಲಿ ಕೂತವರ ಜೊತೆ ಮಾತಾಡಿದ್ದಕ್ಕೆ, ನಿರ್ಜನ ದ್ವೀಪಗಳಿಗೆ ಹೋದವರ ಜೊತೆ ಮಾತಾಡಿದ್ದಕ್ಕೆ. "ಲೋಕದ ಮೂಲೆಮೂಲೇಲಿ ಇರೋರ್ನೆಲ್ಲ ಮಾತಾಡಿಸ್ತಾಳೆ, ನಾನು ಕರೆದ್ರೆ ಮಾತ್ರ ಕಿವಿ ಕೇಳ್ಸಲ್ಲ" ಎಂದು ಗಂಡ ಗೊಣಗುವುದರಲ್ಲಿ ಸುಳ್ಳೇನಿಲ್ಲ.

ಹಳೆಯ ಹಡಗುಗಳ ಪ್ರಶಸ್ತಿಯೊಂದು ಮಾತ್ರ ಕೈಗೆ ಬಂದಿರಲಿಲ್ಲ. ದಡಕ್ಕೆ ಕಟ್ಟಿ ಮ್ಯೂಸಿಯಂ ಮಾಡಿದ ಹಡಗುಗಳಿಂದ ವರ್ಷಕ್ಕೊಮ್ಮೆ ರೇಡಿಯೋ ಹವ್ಯಾಸಿಗಳು ಮಾತಾಡುತ್ತಾರೆ; ಎಲ್ಲ ಹಡಗುಗಳನ್ನೂ ಮಾತಾಡಿಸಿದವರಿಗೆ ಆ ಪ್ರಶಸ್ತಿ. ಒಂದನ್ನು ಬಿಟ್ಟು ಎಲ್ಲವೂ ಸಿಕ್ಕಿದ್ದವು. ಸಿಗದೆ ಅಲ್ಲ, ಅದರ ದನಿ ಕೇಳಿದೊಡನೆ ಅವಳೇ ರೇಡಿಯೋ ಆರಿಸಿಬಿಡುತ್ತಿದ್ದಳು. ಅದು ಇನ್ನೂ ಕಡಲಲ್ಲಿ ಓಡಾಡುತ್ತಿದ್ದಾಗ, ಅದರ ರೇಡಿಯೋ ಕೋಣೆಯಲ್ಲೇ ಅಲ್ಲಿ ಕೆಲಸಕ್ಕಿದ್ದ ಅವಳ ಅಣ್ಣ ಹೊಗೆಗೆ ಸಿಕ್ಕಿ ಸತ್ತದ್ದು. ಬೆಂಕಿ ಬಿದ್ದಾಗ ಉಳಿದವರೆಲ್ಲ ದೋಣಿಗಿಳಿದರು, ಅವನು ರೇಡಿಯೋದಲ್ಲಿ ಸಹಾಯ ಕೇಳುತ್ತ ಕುಳಿತಿದ್ದ. ಬಾಗಿಲು ಸಿಕ್ಕಿಹಾಕಿಕೊಂಡಿತ್ತು ಎಂದರು ಹಡಗಿನ ಕಂಪನಿಯವರು. ಅಮ್ಮ ನಂಬಲಿಲ್ಲ. "ಬರಬಹುದಿತ್ತೇನೇ ಅವನು?" ಎಂದು ಕೇಳುತ್ತಲೇ ಕಣ್ಣು ಮುಚ್ಚಿದಳು. ಆ ಪ್ರಶ್ನೆ ಮಗಳ ಹೆಗಲೇರಿತು, ಇಳಿಯಲೇ ಇಲ್ಲ.

ಈ ಸಲ ಟೈಲರಕ್ಕ ಮನಸ್ಸು ಗಟ್ಟಿ ಮಾಡಿ ಆ ಹಡಗನ್ನು ಕರೆದಳು. ಅಲ್ಲಿ ಕೂತಿದ್ದವನು ಲವಲವಿಕೆಯ ಮನುಷ್ಯ. "ದನಿ ಚೆನ್ನಾಗಿ ಬರ್ತಿದೆ ಮೇಡಂ. ನಮ್ಮದೊಂದೇ ಬಾಕಿ ಅಂದ್ರಲ್ಲ, ಪ್ರಶಸ್ತಿ ನಿಮ್ದೇ ಅಂದ್ಕೊಳ್ಳಿ" ಎಂದ.

"ಒಂದು ಮಾತು ಸರ್. ನೀವು ಕೂತಿರೋ ರೇಡಿಯೋ ಕೋಣೆ ಬಾಗಿಲು ಬದಲಾಯ್ಸಿದಾರಾ?"

"ಇಲ್ಲ, ಹಳೇದೇ. ಸುಟ್ಟ ಕಲೆ ಇನ್ನೂ ಇದೆ."

"ಒಳಗಿಂದ ತೆಗೆಯೋಕೆ ಬರುತ್ತಾ?"

"ಒಂದು ಬೆರಳು ಸಾಕು. ಬೆಂಕೀಲೂ ಸೊಟ್ಟಗಾಗಿಲ್ಲ ನೋಡಿ, ಹಳೇ ಕಾಲದ ಕೆಲಸ."

ಬರಬಹುದಿತ್ತು. ಅಣ್ಣ ಬರಲಿಲ್ಲ. ಟೈಲರಕ್ಕನಿಗೆ ಸಿಟ್ಟು ಉಕ್ಕಿತು. ಸತ್ತವನ ಮೇಲಿನ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದು?

"ಒಂದು ಉಪಕಾರ ಮಾಡಿ ಸರ್. ಮೈಕಿನ ಗುಂಡಿ ಮೇಲೆ ಏನಾದ್ರೂ ಭಾರ ಇಟ್ಟು, ಎದ್ದು ಹೊರಗೆ ಹೋಗಿ. ಹೋಗೋದು ನಂಗೆ ಕೇಳಿಸ್ಬೇಕು."

ಏನನ್ನಿಸಿತೋ, ಅವನು ಕಾರಣ ಕೇಳಲಿಲ್ಲ. ಕುರ್ಚಿ ಸರಿಯಿತು, ಬಾಗಿಲು ಕಿರುಗುಟ್ಟಿತು, ಕಬ್ಬಿಣದ ನೆಲದ ಮೇಲೆ ಹೆಜ್ಜೆಗಳು ದೂರವಾದವು. ಇನ್ನು ಅಲ್ಲಿ ಉಳಿದದ್ದು ಖಾಲಿ ಕೋಣೆ. ಆ ಖಾಲಿ ಕೋಣೆಯಲ್ಲಿ ಯಾರೋ ಮೆಲ್ಲಗೆ ಕೆಮ್ಮಿದರು.

ಆ ಕಡೆ ಗುಂಡಿ ಅದುಮಿರುವಷ್ಟು ಹೊತ್ತು ಈ ಕಡೆಯ ಮಾತು ಅಲ್ಲಿ ಕೇಳಿಸುವುದಿಲ್ಲ. ಇಷ್ಟು ವರ್ಷ ರೇಡಿಯೋ ಹಿಡಿದವಳಿಗೆ ಅಷ್ಟೂ ಗೊತ್ತಿಲ್ಲದೆ ಇಲ್ಲ. ಆದರೂ ಮೈಕನ್ನು ಬಾಯಿಯ ಹತ್ತಿರ ತಂದಳು.

"ಬಾಗಿಲು ತೆಗ್ದಿದೆ ಅಣ್ಣಾ, ಎದ್ದು ಬಾ."