ಒಂಬತ್ತರ ಕಳ್ಳ

ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದ ಕಾಲ, ಬೆಳಗಿನ ಹೊತ್ತು. ಕನ್ನಡಿಗೆ, ಪಟಕ್ಕೆ ಚೌಕಟ್ಟು ಹಾಕುವ ಆ ಸಣ್ಣ ಅಂಗಡಿಗೆ ಮೊದಲ ಗಿರಾಕಿ ಇನ್ನೂ ಬಂದಿರಲಿಲ್ಲ. ಅಂಗಡಿ ನಡೆಸುವ ಅಕ್ಕ-ತಮ್ಮಂದಿರಲ್ಲಿ ಅಕ್ಕ, ಗಾಜು ಕತ್ತರಿಸುವ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿದಳು. ಗಾಜಿನ ಒಂದು ಚೂರು ಉಳಿದರೂ ಹಾಳೆ ಹರಿಯುತ್ತದೆ. ವರ್ಷಕ್ಕೊಮ್ಮೆ ಆ ಮೇಜಿನ ಮೇಲೆ ದೊಡ್ಡ ಹಾಳೆ ಹಾಸುವುದು ಅಪ್ಪನ ಕಾಲದಿಂದ ಬಂದದ್ದು.

ದೊಡ್ಡ ಹಾಳೆ ಎಂದರೆ ವರ್ಷದ ಲೆಕ್ಕವನ್ನೆಲ್ಲ ಒಂದೇ ಕಡೆ ಇಳಿಸುವ ಹಾಳೆ. ಎಡಗಡೆ ಖಾತೆಗಳ ಹೆಸರು: ಗಾಜು, ಚೌಕಟ್ಟಿನ ಪಟ್ಟಿಮರ, ಮೊಳೆ, ಬಾಡಿಗೆ, ಮಷೀನು. ಅವುಗಳ ಮುಂದೆ ಜೋಡಿ ಜೋಡಿ ಮನೆಗಳು. ಮೊದಲ ಜೋಡಿಯಲ್ಲಿ ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ. ಆಮೇಲೆ ಮಷೀನಿನ ಸವಕಳಿ, ಮುಂಗಡ ಕಟ್ಟಿದ ವಿಮೆ, ಇಂಥ ತಿದ್ದುಪಡಿ. ತಿದ್ದಿದ ಮೇಲೆ ನಿಂತದ್ದು ಇನ್ನೊಂದು ಜೋಡಿ. ಕೊನೆಗೆ ಲಾಭ-ನಷ್ಟ, ಆಸ್ತಿ-ಸಾಲ. ಮೊದಲ ಜೋಡಿಯ ಎಡ ಬಲದ ಮೊತ್ತ ಒಂದಾಗದಿದ್ದರೆ ಮುಂದಿನದೆಲ್ಲ ಮಣ್ಣುಪಾಲು.

ಆ ಅಂಗಡಿಯಲ್ಲಿ ಅದು ಒಂದೇ ಏಟಿಗೆ ಒಂದಾದದ್ದೇ ಇಲ್ಲ. ಏನಾದರೂ ವ್ಯತ್ಯಾಸ ಬಂದೇ ಬರುತ್ತಿತ್ತು. ಅಕ್ಕ-ತಮ್ಮ ಅದಕ್ಕೆ ಕಳ್ಳ ಎಂದು ಹೆಸರಿಟ್ಟಿದ್ದರು. ಅಕ್ಕ ಪುಸ್ತಕ ನೋಡಿ ಅಂಕಿ ಕೂಗುವುದು, ತಮ್ಮ ಹಾಳೆಯ ಮೇಲೆ ಗೀಟು ಹಾಕುವುದು. ನಡುನಡುವೆ ಚಹಾ, ಅಪ್ಪನ ಮಾತು, ಅಮ್ಮನ ಮಾತು, ನಗು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಹಿಂದುಮುಂದಾಗಿರಬಹುದು ಎಂದು ಅಪ್ಪ ಹೇಳಿಕೊಟ್ಟಿದ್ದರು. ಅಂಥದ್ದು ಬಂದರೆ ತಮ್ಮ, "ಒಂಬತ್ತರ ಕಳ್ಳ ಅಕ್ಕಾ!" ಎಂದು ಮೇಜು ಬಡಿಯುತ್ತಿದ್ದ. ವರ್ಷವೆಲ್ಲ ಗಾಜು, ಗಿರಾಕಿ ಎಂದು ಓಡಾಡುವ ತಮ್ಮ ಆ ಕೆಲವು ದಿನ ಮಾತ್ರ ಪೂರ್ತಿ ಅವಳವನು. ಮದುವೆ ಬೇಡವೆಂದು ಅದೇ ಮನೆಯಲ್ಲಿ ಉಳಿದವಳಿಗೆ ಅಷ್ಟು ಸಾಕಾಗಿತ್ತು.

ಈ ಸಲ ಹಾಳೆ ಹಾಸುತ್ತಿದ್ದ ಹಾಗೇ ತಮ್ಮನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದಳು. ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

"ಅತ್ತಿಗೆ, ನಾನೂ ಒಂದು ಕೈ ನೋಡ್ಲಾ? ತೌರಲ್ಲಿ ಚಿಕ್ಕಪ್ಪನ ಅಂಗಡಿ ಲೆಕ್ಕ ನಾನೇ ಮಾಡ್ತಿದ್ದೆ."

"ಮಾಡಮ್ಮ, ಮಾಡು. ಕಳ್ಳ ಸಿಕ್ಕಿದ್ರೆ ಕೂಗು, ಬರ್ತೀವಿ," ಎಂದಳು ಅಕ್ಕ, ನಕ್ಕ ಹಾಗೆ ಮಾಡಿ.

ತಮ್ಮನ ಹೆಂಡತಿ ಪಟಪಟ ಬರೆದಳು. ಒಂದು ಕಡೆ ಅಂಕಿ ಮಸುಕಾಗಿದೆ ಎಂದು ಪಟ್ಟಿಮರದ ಮಂಡಿಗೆ ತಾನೇ ಹೋಗಿ ಕೇಳಿಕೊಂಡು ಬಂದಳು. ಊಟದ ಹೊತ್ತಿಗೆ ಪೆನ್ಸಿಲ್ ಕೆಳಗಿಟ್ಟಳು. ಎಡ ಬಲ ಎರಡೂ ಒಂದೇ. ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲ.

"ಅಕ್ಕಾ, ಈ ಸಲ ಕಳ್ಳ ನಮ್ಮ ಬೀದೀನೇ ತುಳೀಲಿಲ್ಲ ಕಣೇ!" ತಮ್ಮ ಜೋರಾಗಿ ನಕ್ಕ. ಹೆಂಡತಿಯ ಬೆರಳಿಗೆ ಹತ್ತಿದ್ದ ಪೆನ್ಸಿಲ್ ಕಪ್ಪನ್ನು ತನ್ನ ಕರವಸ್ತ್ರದಲ್ಲಿ ಒರೆಸಿದ.

ಅಕ್ಕ ಅದನ್ನೇ ನೋಡಿದಳು. ಅವಳ ಬೆರಳೂ ಇಷ್ಟು ವರ್ಷ ಕಪ್ಪಾಗುತ್ತಲೇ ಇತ್ತು. ಸೋಪು ಅಲ್ಲಿದೆ ಎಂದು ತಮ್ಮ ಹೇಳಿದ್ದನೇ ಹೊರತು ಒರೆಸಿದವನಲ್ಲ.

ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಕ್ಷೌರದಂಗಡಿಗೆ ದೊಡ್ಡ ಕನ್ನಡಿ ಮುಟ್ಟಿಸಲು ಹೋದರು. ಒಂದೊಂದು ತುದಿ ಹಿಡಿದುಕೊಂಡು, "ಮೆಲ್ಲಗೆ", "ನೀವು ಮೆಲ್ಲಗೆ" ಎಂದು ಒಬ್ಬರಿಗೊಬ್ಬರು ಹೇಳುತ್ತ ಬೀದಿ ದಾಟಿದರು. ಆ ಕನ್ನಡಿಯಲ್ಲಿ ಅಂಗಡಿಯ ಬಾಗಿಲು, ಬಾಗಿಲಲ್ಲಿ ನಿಂತ ಅಕ್ಕ, ಎರಡೂ ಅಲುಗಾಡುತ್ತ ದೂರ ಹೋದವು.

ಅವಳು ಒಳಗೆ ಬಂದಳು. ರಬ್ಬರು ತೆಗೆದುಕೊಂಡಳು. ಪಟ್ಟಿಮರದ ಸಾಲಿನ ಕೊನೆಯಲ್ಲಿ ಎಪ್ಪತ್ತೆರಡು ಇತ್ತು. ಅದನ್ನು ಅಳಿಸಿ ಇಪ್ಪತ್ತೇಳು ಮಾಡಿದಳು. ಆ ಅಂಕಿ ಅಡ್ಡಸಾಲಿನಲ್ಲಿ ಮುಂದಕ್ಕೂ ಹೋಗಿತ್ತು. ಅಲ್ಲೂ ಬಿಡದೆ ತಿದ್ದಿದಳು. ಕೆಳಗಿನ ಮೊತ್ತವನ್ನು ಮಾತ್ರ ಮುಟ್ಟಲಿಲ್ಲ. ರಬ್ಬರಿನ ಹಿಟ್ಟನ್ನು ಉಫ್ ಎಂದು ಊದಿದಳು. ದುಡ್ಡು ತಿನ್ನುವ ಯೋಚನೆ ಅವಳಿಗೆ ಕನಸಿನಲ್ಲೂ ಇರಲಿಲ್ಲ. ಅವಳಿಗೆ ಕಳ್ಳ ಬೇಕಾಗಿತ್ತು, ಅಷ್ಟೇ.

ಮಾರನೆಯ ದಿನ ಪೆನ್ಸಿಲ್ ಅಂಕಿಗಳಿಗೆ ಶಾಯಿ ಹಾಕುವ ಮೊದಲು, ಪದ್ಧತಿಯಂತೆ ತಮ್ಮ ಇನ್ನೊಮ್ಮೆ ಕೂಡಿದ. ನಿಂತ. ಮತ್ತೆ ಕೂಡಿದ.

"ಅಕ್ಕಾ! ನಲವತ್ತೈದು ಕಮ್ಮಿ! ಒಂಬತ್ತರ ಕಳ್ಳ!"

"ಹೌದಾ? ನೆನ್ನೆ ಸರಿಯಿತ್ತಲ್ಲೋ ಪುಟ್ಟಾ," ಎಂದಳು ಅಕ್ಕ. ಕಾಲು ಆಗಲೇ ಮೇಜಿನ ಕಡೆ ನಡೆದಿತ್ತು.

"ನಾನು ಎರಡು ಸಲ ಕೂಡಿದ್ನಲ್ರೀ," ಎಂದಳು ಹೆಂಡತಿ.

"ಕೂಡಿದ್ದೆ, ಕೂಡಿದ್ದೆ. ಪಟಪಟ ಅಂತ ಬರೆದ್ರೆ ಹೀಗೇ ಆಗೋದು. ಸ್ವಲ್ಪ ಆ ಕಡೆ ಸರಿ, ಅಕ್ಕ ಕೂತ್ಕೊಳ್ಳಲಿ."

ಆ ಮಾತು ಅಕ್ಕನಿಗೆ ಬೆಲ್ಲ ತಿಂದಷ್ಟು ಸಿಹಿಯಾಯಿತು. ಅವಳು ಕೂಗಿದಳು, ಅವನು ಗೀಟು ಹಾಕಿದ. ಪಟ್ಟಿಮರದ ಸಾಲು ಬಂದಾಗ ಪುಸ್ತಕದಲ್ಲಿ ಎಪ್ಪತ್ತೆರಡು ಇದ್ದರೂ ಬಾಯಲ್ಲಿ ಇಪ್ಪತ್ತೇಳು ಎಂದಳು. ಇಷ್ಟು ಬೇಗ ಸಿಕ್ಕಿಬಿಟ್ಟರೆ ಕಳ್ಳ ಬಂದು ಏನು ಬಂತು? ಸಂಜೆಯವರೆಗೆ ಹುಡುಕಿದರು. ಚಹಾ ಬಂತು. ಅಪ್ಪ ಒಮ್ಮೆ ತಮ್ಮದೇ ವಯಸ್ಸನ್ನು ಬಾಡಿಗೆಯ ಜೊತೆ ಕೂಡಿಸಿದ ಹಳೇ ಕಥೆ ಬಂತು. ಕಣ್ಣಲ್ಲಿ ನೀರು ಬರುವಷ್ಟು ತಮ್ಮ ನಕ್ಕ. ಹೆಂಡತಿ ಮೂಲೆಯಲ್ಲಿ ಚೌಕಟ್ಟುಗಳಿಗೆ ಮೊಳೆ ಹೊಡೆಯುತ್ತ ಕೂತಿದ್ದಳು. ಯಾರೂ ಅವಳನ್ನು ಕರೆಯಲಿಲ್ಲ.

ಮರುದಿನ ತಮ್ಮ ಗಾಜು ತರಲು ಹೋಗಬೇಕಾಗಿತ್ತು. "ನಾನು ಗೀಟು ಹಾಕ್ತೀನಿ ಅತ್ತಿಗೆ, ನೀವು ಕೂಗಿ," ಎಂದು ಹೆಂಡತಿ ಎದುರು ಕೂತಳು.

ಬೇಡ ಎನ್ನಲು ನೆಪ ಹೊಳೆಯಲಿಲ್ಲ. ಅಕ್ಕ ಕೂಗುತ್ತ ಹೋದಳು. ಗಾಜು ಆಯಿತು. ಪಟ್ಟಿಮರ ಬಂತು. ಈ ಸಲವೂ, "...ಇಪ್ಪತ್ತೇಳು," ಎಂದಳು.

ಪೆನ್ಸಿಲ್ ನಿಂತಿತು. ತಮ್ಮನ ಹೆಂಡತಿ ತಲೆ ಎತ್ತಿ ನೋಡಿದಳು. ತಾನೇ ಮಂಡಿಗೆ ಹೋಗಿ ಕೇಳಿ ಬಂದ ಅಂಕಿ ಅದು, ಎಪ್ಪತ್ತೆರಡು. ಹಾಳೆಯ ಮೇಲೆ ರಬ್ಬರು ಉಜ್ಜಿದ ಜಾಗವನ್ನು ಹೆಬ್ಬೆರಳಲ್ಲಿ ಸವರಿದಳು. ಆಮೇಲೆ ಗೀಟು ಹಾಕಿದಳು.

"ಹೂಂ. ಮುಂದೆ ಹೇಳಿ."

ಅಕ್ಕನಿಗೆ ಮುಂದಿನ ಸಾಲು ಕಾಣಲೇ ಇಲ್ಲ.

"ಗೊತ್ತಾಯ್ತಲ್ಲ. ಅವನಿಗೆ ಹೇಳ್ತೀಯಾ?" ಎಂದಳು.

"ಏನಂತ ಹೇಳಲಿ ಅತ್ತಿಗೆ? ನಿಮ್ಮ ಜೊತೆ ಕೂತಾಗ ಅವರು ನಗೋ ಹಾಗೆ ನನ್ನ ಜೊತೆ ಒಂದಿನಾನೂ ನಕ್ಕಿಲ್ಲ. ನೆನ್ನೆ ಮೊಳೆ ಹೊಡೀತಾ ಹೊಟ್ಟೆ ಉರ್ಕೊಂಡೆ. ಹೆಬ್ಬೆರಳು ನೋಡಿ, ಎರಡು ಸಲ ಜಜ್ಜಿಕೊಂಡೆ." ಉಗುರು ನೀಲಿಗಟ್ಟಿತ್ತು. "ಆ ಸಾಲು ನೀವೇ ಸರಿಮಾಡಿ. ಚಪ್ಪಲಿ ಅಂಗಡಿಯವರು ಲೆಕ್ಕಕ್ಕೆ ಜನ ಬೇಕು ಅಂತಿದ್ರು. ನಾನು ಅಲ್ಲಿಗೆ ಹೋಗ್ತೀನಿ. ಒಂದು ಮೇಜಿಗೆ ನಾವಿಬ್ಬರು ಜಾಸ್ತಿ."

ಹಾಗಾದರೆ ತನ್ನನ್ನು ನೋಡಿಯೂ ಹೊಟ್ಟೆ ಉರಿದುಕೊಳ್ಳುವವರಿದ್ದಾರೆ! ಅಕ್ಕನಿಗೆ ಒಂದು ಗಳಿಗೆ ಖುಷಿಯೇ ಆಯಿತು. ಮರುಗಳಿಗೆ, ಇಷ್ಟನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇವಳಿಗೆ ಎಲ್ಲಿಂದ ಬಂತು ಎಂದು ಅದಕ್ಕೂ ಕರುಬಿದಳು.

ತಮ್ಮ ಗಾಜು ಇಳಿಸಿ ಬರುವ ಹೊತ್ತಿಗೆ ಅಂಕಿ ಸರಿಯಾಗಿತ್ತು.

"ಸಿಕ್ತು ಕಣೋ. ಪಟ್ಟಿಮರದಲ್ಲಿ," ಎಂದಳು ಅಕ್ಕ.

"ನನ್ನಕ್ಕ ಅಂದ್ರೆ ಸುಮ್ನೇನಾ!" ಅವನು ಮೇಜು ಬಡಿದ. ಹೆಂಡತಿಯ ಕಡೆ ತಿರುಗಿ, "ನೋಡಿ ಕಲಿ," ಎಂದ.

ಅವಳು ಹೂಂ ಎಂದಳು. ತಪ್ಪು ಅವಳದಲ್ಲ ಎಂದು ಹೇಳಬೇಕಾದ ಬಾಯಿ ಅಕ್ಕನದು. ಅವಳು ಶಾಯಿ ಬಾಟಲಿ ತೆಗೆದು ಬರೆಯಲು ಕೂತಳು. ಹಾಳೆ ಚೆನ್ನಾಗಿಯೇ ಬಂತು.

ಭಾನುವಾರ ಊಟಕ್ಕೆ ಕೂತಾಗ ತಮ್ಮನ ಹೆಂಡತಿ ಕೆಲಸದ ಮಾತೆತ್ತಿದಳು. ಒಂದು ತಪ್ಪಿಗೆ ಇಷ್ಟು ರೋಷವಾ ಎಂದು ಅವನು ರೇಗಿದ, ರಮಿಸಿದ. ಅವಳು ಜಗ್ಗಲಿಲ್ಲ. ಅಕ್ಕ ಅನ್ನಕ್ಕೆ ಮತ್ತೆ ಸಾರು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಅಕ್ಕ ಒಬ್ಬಳೇ ಬಂದು ಅಂಗಡಿಯ ಬಾಗಿಲು ತೆಗೆದಳು. ಮೇಜು ಖಾಲಿಯಿತ್ತು, ಪೂರ್ತಿ ಅವಳದೇ ಆಗಿತ್ತು. ಎದುರಿನ ಬೀದಿಯಲ್ಲಿ ತಮ್ಮ, ಹೆಂಡತಿಯ ಊಟದ ಡಬ್ಬಿ ಹಿಡಿದು, ಅವಳ ಪಕ್ಕದಲ್ಲಿ ನಡೆಯುತ್ತಿದ್ದ. ಅವಳು ಏನೋ ಹೇಳಿದಳು. ಅವನು ತಲೆ ಹಿಂದಕ್ಕೆ ಹಾಕಿ ನಕ್ಕ, ಕಳ್ಳ ಸಿಕ್ಕಾಗ ನಗುವ ಅದೇ ನಗು. ಅಂಗಡಿಯ ಕಡೆ ತಿರುಗಿ ನೋಡಲಿಲ್ಲ. ತಮ್ಮನ ಹೆಂಡತಿ ಚಪ್ಪಲಿ ಅಂಗಡಿಯ ಲೆಕ್ಕಕ್ಕೆ ಹೋದದ್ದು ಹಾಗೆ, ಆ ಸೋಮವಾರ.