ಹ್ಞೂಂ ಅನ್ನುವವರು

ಹಂಪಸಾಗರದಲ್ಲಿ ಸಂಜೆಯಾದರೆ ಮಕ್ಕಳೆಲ್ಲ ಹಂಪಮ್ಮಜ್ಜಿಯ ಕಟ್ಟೆಗೆ ಬಂದು ಬೀಳುತ್ತಿದ್ದರು. ಆಕೆ ಕತೆ ಹೇಳಬೇಕು, ಮಕ್ಕಳು ಮಾತುಮಾತಿಗೂ ‘ಹ್ಞೂಂ’ ಅನ್ನಬೇಕು. ಹ್ಞೂಂ ನಿಂತರೆ ಕೇಳುವವರು ನಿದ್ದೆಹೋದರೆಂದು ಅರ್ಥ. ಕತೆಯೂ ಅಲ್ಲೇ ನಿಲ್ಲಬೇಕು. ಹ್ಞೂಂ ಇಲ್ಲದ ಕತೆ ದಾರಿ ತಪ್ಪಿ ಅಡವಿ ಸೇರುತ್ತದೆಂದು ಅಜ್ಜಿ ನಂಬಿದ್ದಳು, ಊರಿನ ಮಕ್ಕಳನ್ನೆಲ್ಲ ನಂಬಿಸಿಯೂ ಇದ್ದಳು.

ತೊಂಬತ್ತೆಂಟರ ಮಳೆಗಾಲದಲ್ಲಿ ಕೊಟ್ಟೂರಿನಿಂದ ಅಮೃತಾ ಎಂಬ ಹೊಸ ಟೀಚರು ಬಂದಳು. ಸಂಜೆ ಹೊತ್ತು ಶಾಲೆಯ ಪಡಸಾಲೆಯಲ್ಲಿ ಬಣ್ಣದ ಚಿತ್ರಗಳ ಪುಸ್ತಕ ಹಿಡಿದು ಕತೆ ಓದತೊಡಗಿದಳು. ಹಂಪಮ್ಮನ ಕಟ್ಟೆ ಖಾಲಿಯಾಯಿತು. ಮೊಮ್ಮಗಳು ಕ್ರಾಂತಿ ಕೂಡ ಆ ಕಡೆಗೇ. ಅಜ್ಜಿಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಉರಿಯಿತು. ಮಕ್ಕಳ ಸದ್ದಿಲ್ಲದ ಸಂಜೆ ಆಕೆಗೆ ಊಟವೂ ಸೇರುತ್ತಿರಲಿಲ್ಲ.

ಅಲ್ಲಿ ಹ್ಞೂಂ ಅಂದರೆ ಟೀಚರಕ್ಕಾರು ಗದರುತ್ತಾರೆ, ಕೈ ಕಟ್ಟಿ ಬಾಯಿ ಮುಚ್ಚಿ ಕೂರಬೇಕು ಎಂದು ಒಂದು ದಿನ ಕ್ರಾಂತಿ ಸುದ್ದಿ ತಂದಳು. ಅಜ್ಜಿ ಒಳಗೊಳಗೇ ನಕ್ಕಳು. ಅದರ ಚಂದವನ್ನು ನೋಡಿಯೇ ಬಿಡೋಣವೆಂದು ಸೆರಗು ಹೊದ್ದು ಹೋಗಿ, ಪಡಸಾಲೆಯ ಕಂಬಕ್ಕೆ ಒರಗಿ ಕೂತಳು.

ಊರಂಚಿನ ಹೊಳೆಯ ಹಿನ್ನೀರಿನ ಮೇಲಿಂದ ತಂಪು ಗಾಳಿ ಬರುತ್ತಿತ್ತು. ಅಮೃತಾ ಓದುತ್ತಿದ್ದಳು: ಹೊಳೆ ಎಲ್ಲಿ ಮಲಗುತ್ತದೆಂದು ನೋಡಲು ಒಬ್ಬ ಹುಡುಗಿ ದಂಡೆ ಹಿಡಿದು ಹೊರಟಿದ್ದಾಳೆ. ಕೊಕ್ಕರೆಯನ್ನು ಕೇಳಿದಳು, ಅದಕ್ಕೂ ಗೊತ್ತಿಲ್ಲ. ಕತ್ತಲಾಗುತ್ತಿದೆ. ನೀರು ಅವಳ ಪಾದದ ಹತ್ತಿರ ಬಂದು ಏನೋ ಪಿಸುಗುಟ್ಟುತ್ತಿದೆ.

ಅಜ್ಜಿಯ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು. ಹುಟ್ಟಿದಾಗಿನಿಂದ ಊರ ಹೊಳೆಯ ನೀರು ಹೊತ್ತವಳು, ಅದಕ್ಕೂ ನಿದ್ದೆ ಬರುತ್ತದೆಂದು ಒಮ್ಮೆಯೂ ಅನಿಸಿರಲಿಲ್ಲ. ಪಡಸಾಲೆ ಮೆಲ್ಲಗೆ ನೀರಿನ ಮೇಲೆ ತೇಲಿದಂತಾಯಿತು. ತನ್ನ ಕಾಲುಗಳು ಎಳೆಯವಾದಂತೆ, ತಾನೂ ಆ ತಣ್ಣನೆಯ ಮರಳಿನಲ್ಲಿ ನಡೆಯುತ್ತಿರುವಂತೆ.

ಓದು ನಿಂತಿತು. ಮಕ್ಕಳು ಹೇಳಿಕೊಟ್ಟಂತೆ ಕೈ ಕಟ್ಟಿ, ಬಾಯಿ ಮುಚ್ಚಿ ಗೊಂಬೆಗಳ ಹಾಗೆ ಕೂತಿದ್ದರು. ಅಮೃತಾ ಮುಖ ಸಪ್ಪಗೆ ಮಾಡಿಕೊಂಡು, ನಿಮಗ್ಯಾರಿಗೂ ಇದು ಹಿಡಿಸುತ್ತಿಲ್ಲ, ನಾಳೆಯಿಂದ ಓದುವುದೇ ಬೇಡ ಎಂದು ಪುಸ್ತಕ ಮಡಚಿದಳು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಹಂಪಮ್ಮ ಸುಮ್ಮನಿದ್ದಿದ್ದರೆ ಸಾಕಿತ್ತು, ನಾಳೆ ಮಕ್ಕಳೆಲ್ಲ ಅವಳ ಕಟ್ಟೆಗೇ ವಾಪಸ್. ಆದರೆ ಕತೆಯ ಆ ಹುಡುಗಿ ಹೊಳೆದಂಡೆಯ ಕತ್ತಲಲ್ಲಿ ಒಬ್ಬಳೇ ನಿಂತಿದ್ದಳಲ್ಲ.

“ಹ್ಞೂಂ,” ಅಂದಳು ಅಜ್ಜಿ.

ಅಮೃತಾ ತಿರುಗಿ ನೋಡಿದಳು. ಕ್ರಾಂತಿ ಕಟ್ಟಿದ ಕೈ ಬಿಚ್ಚಿ ತಾನೂ ಹ್ಞೂಂ ಅಂದಳು. ಆಮೇಲೆ ಪಡಸಾಲೆ ತುಂಬ ಅದೇ. ಇದು ಗಲಾಟೆಯಲ್ಲ, ಕೇಳುತ್ತಿದ್ದೇವೆ, ಮುಂದೆ ಹೇಳಿ ಎನ್ನುವ ರೀತಿ ಎಂದು ಅಜ್ಜಿ ತಿಳಿಸಿದಳು. ಅಮೃತಾಳ ಮುಖ ಅರಳಿತು. ಹಾಗಾದರೆ ನೀವೇ ಹೇಳಿ ಅಜ್ಜಿ, ನಾನೂ ಕಲಿಯುತ್ತೇನೆ ಎಂದು ತನ್ನ ಜಾಗ ಬಿಟ್ಟು ಎದ್ದಳು.

ಕಳೆದುಕೊಂಡದ್ದೆಲ್ಲ ಎದುರಿಗೇ ಬಂದು ನಿಂತಿತ್ತು. ಹಂಪಮ್ಮ ಮಾತ್ರ ಅತ್ತ ಹೋಗಲಿಲ್ಲ. ಮಕ್ಕಳ ನಡುವೆ ಜಾಗ ಮಾಡಿಕೊಂಡು, ಕ್ರಾಂತಿಯ ಪಕ್ಕ ಕಾಲು ಮಡಚಿ ಕೂತಳು.

“ನನ್ನ ಕತಿ ಎಲ್ಲಾ ಸಣ್ಣಾಕಿದ್ದಾಗ ಮಂದಿ ಮನಿ ಗೋಡಿ ಆಚಿ ನಿಂತು ಕದ್ದು ಕೇಳಿದ್ದು,” ಅಂದಳು. “ನನಗಂತ ಕುಂದ್ರಿಸಿ ಯಾರೂ ಹೇಳಿಲ್ರಿ ಅಕ್ಕಾರ. ನೀವು ಓದ್ರಿ.”

ಅಮೃತಾ ಪುಸ್ತಕ ಬಿಚ್ಚಿ, ಅಜ್ಜಿಯ ಮುಖ ನೋಡಿಕೊಂಡೇ ಓದತೊಡಗಿದಳು.