ಕೆಂಪೀ ಅಂದರೆ ತಿರುಗುತ್ತಾಳೆ

ಶೇಂಗಾ ಎಣ್ಣೆಯ ಘಾಟು, ಮಿಲ್ಲಿನ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಚಳ್ಳಕೆರೆ ಬಸ್ ನಿಲ್ದಾಣಕ್ಕೆ ಇದೇ ವಾಸನೆ, ಅವ್ವನಿಗೆ ಇದು ಇಷ್ಟ, ನಿನ್ನೆ ಮಧ್ಯಾಹ್ನವೂ ಮೂಗರಳಿಸಿ ನಕ್ಕಿದ್ದಳು — ಮೊಳಕಾಲ್ಮೂರು ಬಸ್ಸಿಗೆ ಇನ್ನೂ ಹತ್ತು ನಿಮಿಷ ಐತೆ, ಮಾತ್ರೆ ತಗೊಂಡು ಬರ್ತೀನಿ, ಇಲ್ಲೇ ಕೂತಿರವ್ವ ಎಂದು ಇದೇ ಕಲ್ಲುಬೆಂಚಿನ ಮೇಲೆ ಕೂರಿಸಿ ಹೋದದ್ದು, ಬಂದು ನೋಡಿದರೆ ಬೆಂಚಿತ್ತು, ಅವ್ವ ಇರಲಿಲ್ಲ. ಈಗ ಅದೇ ಬೆಂಚಿನ ಮೇಲೆ ದಾಕ್ಷಾಯಿಣಿ, ಕೈಯಲ್ಲಿ ಫೋನು ಕಾದ ಹೆಂಚು, ಮತ್ತೆ ಗುಂಯ್ ಅಂತು — ಮೇಡಂ, ನಿಮ್ ತಾಯಿ ಸಿಕ್ಕಿದಾರೆ, ಬಲಗೈಲಿ ಸುಟ್ಟ ಕಲೆ, ಹಸಿರು ಶೀರೆ, ಕೆಂಪೀ ಅಂದ್ರೆ ತಿರುಗ್ತಾರೆ — ಶೀರೆ! ಆ ಶೀರೆ ಅವಳದೇ ತಪ್ಪು, ನಿನ್ನೆ ವಾಟ್ಸಾಪಿಗೆ ಬರೆಯುವ ಅವಸರದಲ್ಲಿ ಸೀರೆಯ ಸ ಬದಲು ಶ ಒತ್ತಿದ್ದು, ಅವಳು ಬರೆದದ್ದನ್ನೇ ಅವಳಿಗೆ ಓದಿ ಹೇಳುತ್ತಿದ್ದಾನೆ ಪುಣ್ಯಾತ್ಮ. ಬೆಳಗಿನಿಂದ ಇವನು ಏಳನೆಯವನು. ಅವರಲ್ಲೊಬ್ಬ ಅವ್ವನ ಮಾತೇ ಎತ್ತಲಿಲ್ಲ, ನೀವೊಬ್ರೇನಾ ಅಲ್ಲಿರೋದು, ಧ್ವನಿ ಚೆನ್ನಾಗೈತೆ ಅಂದ, ಥೂ.

ಎಲ್ಲಾ ಗುರುತೂ ಹಾಕಕ್ಕ, ಜನಕ್ಕೆ ಅನುಕೂಲ ಆಗ್ಲಿ ಅಂದವನು ತಮ್ಮ ಸಿದ್ದಲಿಂಗೇಶ, ಹನ್ನೆರಡು ಗ್ರೂಪಿಗೆ ಕಳಿಸಿದೀನಿ, ಬಳ್ಳಾರಿ ತನಕ ಹೋಗೈತೆ ಅಂತ ಹಿಗ್ಗಿದವನೂ ಅವನೇ, ಠಾಣೆಯಲ್ಲಿ ಪೇದೆ ಸ್ವಪ್ನ ಓದಿ ತಲೆ ಚಚ್ಚಿಕೊಂಡಳು, ಅಕ್ಕಾ, ನಮ್ಮ ಠಾಣೆ ನಂಬರ್ ಹಾಕ್ಬಾರ್ದಿತ್ತಾ, ಒಂದು ಗುರುತನ್ನಾದ್ರೂ ಬಚ್ಚಿಟ್ಕೋಬೇಕಿತ್ತು, ಕರೆಯೋ ಹೆಸ್ರನ್ನ ಯಾರಾದ್ರೂ ಊರಿಗೆಲ್ಲ ಹಂಚ್ತಾರಾ — ಅಳಿಸಿದಳು, ತಕ್ಷಣ ಅಳಿಸಿದಳು, ಅಳಿಸಿದ್ದು ಅವಳ ಫೋನಿನಿಂದ ಮಾತ್ರ ಹೋಯಿತು. ಬಸವಲಿಂಗಮ್ಮ ಎಂದು ಕೂಗಿದರೆ ಅವ್ವ ಕಲ್ಲು, ತನ್ನ ಹೆಸರು ಮರೆತು ಎರಡು ವರ್ಷವಾಯಿತು, ಉಳಿದಿರುವುದು ರಾಂಪುರದ ತವರಿನಲ್ಲಿ ತಾತ ಹೊಲದ ಬದುವಿನಿಂದ ಕರೆಯುತ್ತಿದ್ದದ್ದೊಂದೇ, ಕೆಂಪೀ ಎಂದರೆ ಸಾಕು, ಕತ್ತು ಹೊರಳುತ್ತದೆ, ಎಡಗೈ ಕಿವಿಯ ಬೆಂಡೋಲೆಗೆ ಹೋಗುತ್ತದೆ, ಎದ್ದು ಬಂದುಬಿಡುತ್ತಾಳೆ, ಕರೆದವರು ಯಾರೇ ಆಗಲಿ — ಬೆಂಡೋಲೆ ಚಿನ್ನದ್ದು ಅಂತಲೂ ಬರೆದಿದ್ದೆನಲ್ಲ, ಶಿವನೇ, ಬರೆಯದೆ ಉಳಿದದ್ದು ಏನಾದರೂ ಇದೆಯಾ, ಕಲೆ ಬರೆದೆ, ಹೆಸರು ಬರೆದೆ, ಹಾಂ — ಇದೆ, ಒಂದಿದೆ. ರೀ, ಕೆಂಪೀ ಅಂದ್ಮೇಲೆ ನಮ್ಮವ್ವ ಏನಂತಾಳೆ ಹೇಳ್ರಿ ನೋಡೋಣ. ಏನಂತಾರೆ ಮೇಡಂ, ಸುಮ್ನೆ ನೋಡ್ತಾರೆ, ನೀವು ಮನೆ ಲೊಕೇಶನ್ ಕಳ್ಸಿ, ನಾವೇ ಬರ್ತೀವಿ. ಸುಳ್ಳ! ಬಂದೆ ತಡಿಯಪ್ಪಾ ಅನ್ನುತ್ತಾಳೆ ಅವ್ವ, ಪ್ರತಿ ಸಲ, ಬಂದೆ ತಡಿಯಪ್ಪಾ, ಅದನ್ನು ಬರೆದಿಲ್ಲ, ಅದೊಂದು ಇನ್ನೂ ನನ್ನ ಹತ್ತಿರವೇ ಇದೆ, ಫೋನು ಕಟ್ ಮಾಡಿದಳು, ನಿನ್ನೆಯಿಂದ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು.

ಯಾರ್ನ ಹುಡುಕ್ತಿದೀಯವ್ವ, ಹೂವಿನ ಬುಟ್ಟಿ ಇಳಿಸುತ್ತ ಕೇಳಿದ ಮುದುಕಿಗೆ, ಹೆಸರು ಮೂಗಮ್ಮ ಅಂತೆ, ದಿನಾ ಇಲ್ಲೇ ಮಾರುವವಳಂತೆ, ಫೋಟೊ ತೋರಿಸಿದಳು. ಅಯ್ಯೋ ಈ ಯಮ್ಮನಾ, ನಿನ್ನೆ ಎಲ್ಲೆಲ್ಲೋ ತಿರುಗಿ ಸಂಜೆಗೆ ವಾಪಸ್ ಇದೇ ಬೆಂಚಿಗೆ ಬಂದು ಕೂತಿತ್ತಲ್ಲ — ಸಂಜೆಗೆ, ನಾನು ಠಾಣೆಯಲ್ಲಿ ಫೋನಿಗೆ ಉತ್ತರ ಕೊಡುತ್ತಿದ್ದ ಹೊತ್ತಿಗೆ, ಇದೇ ಬೆಂಚಿಗೆ — ಬೈಕಿನೋನು ಬಂದ ಕಣವ್ವ, ಫೋನ್ ನೋಡ್ದ, ಮಕ ನೋಡ್ದ, ಕೆಂಪೀ ಅಂದ, ಮಗ ಅಂದ್ಕಂಡೆ ನಾನು. ಮಗ ಯಾಕೆ ಅಂದ್ಕೊಂಡೆ, ಯಾಕಜ್ಜೀ? ಮತ್ತಿನ್ನೇನವ್ವ, ಎಷ್ಟು ಖುಷಿಯಾಗಿ ಎದ್ದು ಅವನ ಬೈಕ್ ಹತ್ತಿ ಹೋತು, ಓಲೆ ಮುಟ್ಕಂಡು, ಬಂದೆ ತಡಿಯಪ್ಪಾ ಅಂತ — ಅದು ಎಲ್ಲೂ ಬರೆದಿಲ್ಲ, ಅದನ್ನು ಯಾರೂ ಓದಿಲ್ಲ, ಮುದುಕಿ ಸುಳ್ಳು ಹೇಳುತ್ತಿಲ್ಲ, ಫೋನು ಮತ್ತೆ ಗುಂಯ್ ಅನ್ನುತ್ತಿದೆ, ಎಂಟನೆಯವನು, ಬೈಕಿನವನು ಕೆಂಪೀ ಅಂದ, ಅವ್ವನ ಕತ್ತು ಹೊರಳಿತು, ಎಡಗೈ ಬೆಂಡೋಲೆಗೆ ಹೋಯಿತು, ಎಡಗೈ ಬೆಂಡೋಲೆಗೆ